ಅರ್ಥ ಹೇಳುವುದು ಮತ್ತು ಓದಿಸುವುದು: ಕನ್ನಡ ಅಧ್ಯಾಪಕರ ಬೋಧನ ದೃಷ್ಟಿಯ ಪ್ರಶ್ನೆ

೧

ಅಧ್ಯಾಪನವನ್ನು ಕುರಿತ ಚರ್ಚೆಗಳು ಕನ್ನಡದಲ್ಲಿ ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ನಡೆಯುತ್ತ ಬಂದಿವೆ. ಒಂದು, ಗುರುವನ್ನು ಸ್ಮರಿಸುವ, ಆರಾಧಿಸುವ ಭಾವುಕ ನೆಲೆ. ಅಭಿನಂದನ ಗ್ರಂಥಗಳಲ್ಲಿ, ಸಂಸ್ಮರಣ ಸಂಪುಟಗಳಲ್ಲಿ ಇದು ಕಾಣುತ್ತದೆ. ಇನ್ನೊಂದು, ಬೋಧನ ವಿಧಾನಗಳನ್ನು ವರ್ಗೀಕರಿಸುವ ಶಿಕ್ಷಣಶಾಸ್ತ್ರದ ತಾಂತ್ರಿಕ ನೆಲೆ. ಬಿ.ಎಡ್. ಪಠ್ಯಗಳಲ್ಲಿ, ಪುನಶ್ಚೇತನ ಶಿಬಿರಗಳ ಉಪನ್ಯಾಸಗಳಲ್ಲಿ ಇದು ಕಾಣುತ್ತದೆ. ಈ ಎರಡರ ನಡುವೆ ಕೇಳಲೇಬೇಕಾದ ಒಂದು ಪ್ರಶ್ನೆ ಹಾಗೆಯೇ ಉಳಿದುಹೋಗಿದೆ. ಪದವಿ ಕಾಲೇಜಿನ ಕನ್ನಡ ಅಧ್ಯಾಪಕರು ತರಗತಿಯಲ್ಲಿ ಒಂದು ಪದ್ಯವನ್ನು ಕೈಗೆತ್ತಿಕೊಂಡಾಗ, ಆ ಪದ್ಯಕ್ಕೂ ಎದುರಿಗೆ ಕುಳಿತವರಿಗೂ ತಮಗೂ ಇರುವ ಸಂಬಂಧವನ್ನು ಹೇಗೆ ಕಲ್ಪಿಸಿಕೊಂಡಿರುತ್ತಾರೆ? ಈ ಕಲ್ಪನೆಯನ್ನೇ ಇಲ್ಲಿ ಬೋಧನ ದೃಷ್ಟಿ ಎಂದು ಕರೆಯಲಾಗಿದೆ.

ಬೋಧನ ದೃಷ್ಟಿ ಇಲ್ಲದ ಅಧ್ಯಾಪಕರಿಲ್ಲ. ಅದನ್ನು ಬರೆದಿಡದಿರಬಹುದು, ಅದರ ಬಗ್ಗೆ ಯೋಚಿಸದೆಯೂ ಇರಬಹುದು. ಆದರೆ ಪದ್ಯವನ್ನು ಗಟ್ಟಿಯಾಗಿ ಓದುತ್ತಾರೆಯೇ ಅಥವಾ ನೇರವಾಗಿ ಸಾರಾಂಶಕ್ಕೆ ಹೋಗುತ್ತಾರೆಯೇ, ವಿದ್ಯಾರ್ಥಿಯ ತಪ್ಪು ಉತ್ತರದ ಎದುರು ಎಷ್ಟು ಹೊತ್ತು ನಿಲ್ಲುತ್ತಾರೆ, ಪ್ರಶ್ನೆಪತ್ರಿಕೆಯಲ್ಲಿ ಏನನ್ನು ಕೇಳುತ್ತಾರೆ ಎಂಬ ಸಣ್ಣ ಸಂಗತಿಗಳಲ್ಲಿ ಅದು ಪ್ರಕಟವಾಗುತ್ತಲೇ ಇರುತ್ತದೆ. ೧೯೯೪ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆಯ ಮೌಲ್ಯಾಂಕನ, ೨೦೧೦ರ ಯುಜಿಸಿ ನಿಯಮಾವಳಿ ತಂದ ಎಪಿಐ ಅಂಕಗಳು, ಅದನ್ನು ಸರಳಗೊಳಿಸಿದ ೨೦೧೮ರ ನಿಯಮಾವಳಿ, ಇವೆಲ್ಲ ಅಧ್ಯಾಪಕರ ಕೆಲಸವನ್ನು ಅಳೆಯುವ ಪ್ರಯತ್ನಗಳೇ. ಗಂಟೆ, ಲೇಖನ, ವಿಚಾರಸಂಕಿರಣಗಳನ್ನು ಅವು ಎಣಿಸಬಲ್ಲವು. ಮೇಲೆ ಹೇಳಿದ ಸಣ್ಣ ಸಂಗತಿಗಳು ಅವುಗಳ ಎಣಿಕೆಗೆ ಸಿಕ್ಕುವಂಥವಲ್ಲ. ಹೀಗಾಗಿ ಬೋಧನ ದೃಷ್ಟಿಯನ್ನು ಕುರಿತ ಮಾತು ಅರ್ಜಿಯ ಒಂದು ಅಂಕಣವನ್ನು ತುಂಬುವ ಮಾತಾಗಿಯೇ ಉಳಿದಿದೆ.

ಕನ್ನಡ ತರಗತಿಗಳಲ್ಲಿ ಪ್ರಬಲವಾಗಿರುವ ದೃಷ್ಟಿಯನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಅದು 'ಅರ್ಥ ಹೇಳುವುದು'. ಪದ್ಯದೊಳಗೆ ಅರ್ಥವೊಂದು ಅಡಗಿದೆ, ಅಧ್ಯಾಪಕರಿಗೆ ಅದು ಗೊತ್ತಿದೆ, ವಿದ್ಯಾರ್ಥಿಗೆ ಗೊತ್ತಿಲ್ಲ, ಆದ್ದರಿಂದ ಅದನ್ನು ಇಲ್ಲಿಂದ ಅಲ್ಲಿಗೆ ದಾಟಿಸಬೇಕು ಎಂಬುದು ಇದರ ಹಿಂದಿರುವ ಗ್ರಹಿಕೆ. ಬ್ರೆಜಿಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಇಂಥ ಬೋಧನೆಯನ್ನು ಬ್ಯಾಂಕಿನಲ್ಲಿ ಠೇವಣಿ ಇಡುವ ಕ್ರಿಯೆಗೆ ಹೋಲಿಸಿದ್ದು ಪರಿಚಿತವಾದ ಸಂಗತಿಯೇ. ಇದಕ್ಕೆ ಎದುರಾಗಿ ನಿಲ್ಲಬೇಕಾದ ದೃಷ್ಟಿ 'ಓದಿಸುವುದು'. ಪದಗಳ ಅರ್ಥವನ್ನು ಅಧ್ಯಾಪಕರು ಕೊಡಬೇಕು, ಪದ್ಯದ ಅರ್ಥವನ್ನು ತರಗತಿ ಕೂಡಿ ಕಟ್ಟಬೇಕು. ಈ ಎರಡನ್ನೂ ಬೇರೆ ಬೇರೆಯಾಗಿ ಕಾಣುವುದೇ ಕನ್ನಡ ಅಧ್ಯಾಪಕರ ಬೋಧನ ದೃಷ್ಟಿಯ ತಳಹದಿಯಾಗಬೇಕು ಎಂಬುದು ಪ್ರಸ್ತುತ ಲೇಖನದ ನಿಲುವು.

೨

ಇದು ಹೊರಗಿನಿಂದ ತಂದು ಹೇರಬೇಕಾದ ನಿಲುವೇನೂ ಅಲ್ಲ. ಕನ್ನಡದ ಆಧುನಿಕ ಉನ್ನತ ಶಿಕ್ಷಣದ ಆರಂಭದಲ್ಲಿಯೇ ಅದರ ಬೇರುಗಳಿವೆ. ಎ.ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘವನ್ನು ಕಟ್ಟಿದರು. ೧೯೧೯ರಲ್ಲಿ ಅದರ ಮೂಲಕವೇ 'ಪ್ರಬುದ್ಧ ಕರ್ನಾಟಕ' ಹೊರಬಂದಿತು. ಕನ್ನಡದಲ್ಲಿ ಎಂ.ಎ. ತರಗತಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆರಂಭವಾದದ್ದು ೧೯೨೭ರಲ್ಲಿ. ಅಂದರೆ, ಪಠ್ಯಕ್ರಮವಾಗಿ ಕನ್ನಡ ಸ್ನಾತಕೋತ್ತರ ಪದವಿ ರೂಪುಗೊಳ್ಳುವ ಮೊದಲೇ, ವಿದ್ಯಾರ್ಥಿಗಳು ಬರೆಯುವ, ಓದುವ, ಪರಸ್ಪರ ಚರ್ಚಿಸುವ ವೇದಿಕೆಯೊಂದು ಕಾಲೇಜಿನೊಳಗೆ ಸಿದ್ಧವಾಗಿತ್ತು. ಬೋಧನೆ ವೇಳಾಪಟ್ಟಿಯ ಗಂಟೆಗೆ ಸೀಮಿತವಾದುದಲ್ಲ ಎಂಬ ದೃಷ್ಟಿ ಆ ತಲೆಮಾರಿನ ಅಧ್ಯಾಪಕರಲ್ಲಿ ಸಹಜವಾಗಿಯೇ ಇದ್ದಿತು.

ಬಿ.ಎಂ. ಶ್ರೀಕಂಠಯ್ಯನವರು ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು. ೧೯೧೧ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆ ಎತ್ತುವ ಬಗೆಯನ್ನು ಕುರಿತು ಅವರು ಮಾಡಿದ ಭಾಷಣ, ೧೯೨೬ರ 'ಇಂಗ್ಲಿಷ್ ಗೀತಗಳು', ಈ ಎರಡನ್ನೂ ಸಾಹಿತ್ಯ ಚರಿತ್ರೆ ನವೋದಯದ ಸಂದರ್ಭದಲ್ಲಿಟ್ಟು ನೋಡಿದೆ. ಅವುಗಳನ್ನು ಅಧ್ಯಾಪಕರೊಬ್ಬರ ಕೆಲಸವನ್ನಾಗಿಯೂ ನೋಡಲು ಸಾಧ್ಯವಿದೆ. ಇಂಗ್ಲಿಷ್ ತರಗತಿಯಲ್ಲಿ ಓದಿಸಿದ ಕವಿತೆ ವಿದ್ಯಾರ್ಥಿಯ ತಾಯ್ನುಡಿಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ತರಗತಿಯ ಹೊರಗೂ ಮುಂದುವರಿಸಿದ ಫಲ ಆ ಸಂಕಲನ. ಇನ್ನು ಟಿ.ಎಸ್. ವೆಂಕಣ್ಣಯ್ಯನವರ ಮಾತು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಅವರು ಬರೆದದ್ದು ಕಡಿಮೆ. ೧೯೩೯ರಲ್ಲಿ ಅವರು ತೀರಿಕೊಂಡರು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಅದೇ ಕುವೆಂಪು ಅಧ್ಯಾಪಕರಾಗಿ, ಕುಲಪತಿಗಳಾಗಿ ಯುವಜನರಿಗೆ ಹೇಳಿದ್ದು ನಿರಂಕುಶಮತಿಗಳಾಗಬೇಕು ಎಂದು. ಗುರುವಿನ ಮೇಲಿನ ಗೌರವಕ್ಕೂ ಸ್ವತಂತ್ರ ಬುದ್ಧಿಗೂ ವಿರೋಧವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡ ನಾಡಿನ ಜನರನ್ನು ಕುರಿತು ಆಡುವ ಮಾತು ಗಮನಾರ್ಹವಾದುದು. ಶಾಸ್ತ್ರೀಯವಾಗಿ ಓದದವರಲ್ಲಿಯೂ ಕಾವ್ಯದ ಪರಿಣತಿ ಇದೆ ಎಂಬುದು ಆ ಕೃತಿಯ ಅಭಿಪ್ರಾಯ. ನಾಡಿನ ಹಿರಿಮೆಯನ್ನು ಸಾರುವ ಮಾತಾಗಿ ಅದನ್ನು ಮತ್ತೆ ಮತ್ತೆ ಉದ್ಧರಿಸಲಾಗಿದೆ. ತರಗತಿಗೆ ಅನ್ವಯಿಸಿ ನೋಡಿದರೆ ಅದು ಅಧ್ಯಾಪಕರಿಗೆ ಹೇಳಿದ ಮಾತೂ ಹೌದು. ಎದುರಿಗೆ ಕುಳಿತ ವಿದ್ಯಾರ್ಥಿ ಬರಿಗೈಯಲ್ಲಿ ಬಂದಿಲ್ಲ. ಅವಳ ಬಳಿ ಒಂದು ನುಡಿ, ಒಂದು ಲಯ, ಕೇಳಿದ ಕಥೆಗಳ ಒಂದು ಸಂಚಯ ಈಗಾಗಲೇ ಇದೆ.

೩

ಈ ದೃಷ್ಟಿಯನ್ನು ಒಂದು ಪದ್ಯದ ಮೂಲಕ ಪರೀಕ್ಷಿಸುವುದು ಉಚಿತ. ಪಂಪನ 'ವಿಕ್ರಮಾರ್ಜುನ ವಿಜಯ'ದ ಒಂಬತ್ತನೆಯ ಆಶ್ವಾಸದಲ್ಲಿ ಕೃಷ್ಣ ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಪಕ್ಷಕ್ಕೆ ಕರೆಯುತ್ತಾನೆ. ಕರ್ಣ ಒಪ್ಪುವುದಿಲ್ಲ. ದುರ್ಯೋಧನ ತನ್ನಲ್ಲಿಟ್ಟ ವಿಶ್ವಾಸಕ್ಕೆ ಸಾಕ್ಷಿಯಾಗಿ ಅವನು ಒಂದು ಪ್ರಸಂಗವನ್ನು ನೆನೆಯುತ್ತಾನೆ. ಭಾನುಮತಿ ನೆತ್ತದಾಟದಲ್ಲಿ ಸೋಲುತ್ತಾಳೆ, ಪಣವನ್ನು ಕೊಡೆಂದು ಕಾಡುವಾಗ ಮುತ್ತಿನ ಹಾರ ಹರಿಯುತ್ತದೆ, ಮುತ್ತುಗಳು ಚೆಲ್ಲುತ್ತವೆ, ಅರಸ ಮನಸ್ಸಿನಲ್ಲಿ ಯಾವ ಕಹಿಯೂ ಇಲ್ಲದೆ ಇವನ್ನು ಆಯಬೇಕೇ ಎಂಬಂತೆ ಕೇಳುತ್ತಾನೆ. ಪದವಿ ಪಠ್ಯಗಳಲ್ಲಿ ಮೇಲಿಂದ ಮೇಲೆ ಸೇರುವ ಪದ್ಯವಿದು.

ಈ ಪದ್ಯವನ್ನು ಕುರಿತು ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದ್ದಾರೆ. ಅದಕ್ಕೆ ಕಾರಣ ಪದ್ಯದ ವಾಕ್ಯರಚನೆಯಲ್ಲಿಯೇ ಇದೆ. ಹಳಗನ್ನಡದಲ್ಲಿ ಕ್ರಿಯಾಪದಗಳ ಕರ್ತೃವನ್ನು ಪ್ರತಿ ಬಾರಿಯೂ ಹೇಳಬೇಕಾಗಿಲ್ಲ. ಭಾನುಮತಿಯ ಜೊತೆ ಆಡಿದವರು ಯಾರು, ಕಾಡಿದವರು ಯಾರು, ಹರಿದ ಹಾರ ಯಾರದು, ಅಳುಕಿ ನಿಂತವರು ಯಾರು ಎಂಬುದು ಪದ್ಯದಲ್ಲಿ ನೇರವಾಗಿ ಇಲ್ಲ. ಆಡಿದವನು ಕರ್ಣನೆಂದರೆ ಕಥೆ ಒಂದು ಬಗೆಯಾಗುತ್ತದೆ. ಗೆಳೆಯನ ಮಡದಿಯೊಡನೆ ಸಲುಗೆಯಿಂದ ಇದ್ದವನನ್ನು ಸಂಶಯಿಸದ ಅರಸನ ದೊಡ್ಡತನ ಮುಂದೆ ಬರುತ್ತದೆ. ಆಡಿದವನು ದುರ್ಯೋಧನನೇ ಎಂದರೆ ಇನ್ನೊಂದು ಬಗೆಯಾಗುತ್ತದೆ. ತನ್ನ ಖಾಸಗಿ ಗಳಿಗೆಯಲ್ಲಿಯೂ ಗೆಳೆಯನನ್ನು ಹೊರಗಿನವನೆಂದು ಕಾಣದ ಅರಸನ ಚಿತ್ರ ಮೂಡುತ್ತದೆ. ವ್ಯಾಕರಣದ ನಿರ್ಣಯವೇ ಇಲ್ಲಿ ನೀತಿಯ ನಿರ್ಣಯವೂ ಆಗಿಬಿಡುತ್ತದೆ.

'ಅರ್ಥ ಹೇಳುವ' ಕ್ರಮ ಈ ಪದ್ಯದಲ್ಲಿ ಏನು ಮಾಡುತ್ತದೆ? ಗೈಡಿನಲ್ಲಿ ಇರುವ ಒಂದು ಅರ್ಥವನ್ನು ಆಯ್ದು, ಕರ್ತೃಪದವನ್ನು ಸೇರಿಸಿ, ಹೊಸಗನ್ನಡದ ಮೂರು ವಾಕ್ಯಗಳಲ್ಲಿ ಬರೆಸುತ್ತದೆ. ವಿದ್ಯಾರ್ಥಿಗೆ ಪದ್ಯದಲ್ಲಿ ಇಲ್ಲದ ಒಂದು ಹೆಸರು ಇದೆ ಎಂದೇ ತಿಳಿಯುತ್ತದೆ. ಚರ್ಚೆ ನಡೆದಿತ್ತು ಎಂಬುದೂ ತಿಳಿಯುವುದಿಲ್ಲ. ಪಂಪ ತೆರೆದಿಟ್ಟ ಬಾಗಿಲನ್ನು ಮುಚ್ಚಿದವರು ಯಾರು ಎಂಬ ಅರಿವೂ ಉಳಿಯುವುದಿಲ್ಲ.

'ಓದಿಸುವ' ಕ್ರಮ ಇದಕ್ಕಿಂತ ನಿಧಾನವಾದುದು. ಮೊದಲು ಪದ್ಯವನ್ನು ಗಟ್ಟಿಯಾಗಿ, ಪದಗಳನ್ನು ಬಿಡಿಸಿ ಓದಬೇಕು. ಹಳಗನ್ನಡದಲ್ಲಿ ಸಂಧಿಯನ್ನು ಬಿಡಿಸುವುದೇ ಅರ್ಥದ ಮೊದಲ ಹೆಜ್ಜೆ. ಎಲ್ಲಿ ನಿಲ್ಲಿಸಬೇಕು ಎಂಬ ಗಮಕಿಯ ತೀರ್ಮಾನ ವ್ಯಾಖ್ಯಾನದ ತೀರ್ಮಾನವೂ ಆಗಿರುತ್ತದೆ. ಅನಂತರ 'ಲಂಬಣ'ದಂತಹ ಪದಗಳಿಗೆ ಅರ್ಥವನ್ನು ಹಲಗೆಯ ಮೇಲೆ ಪೂರ್ಣವಾಗಿ ಕೊಡಬೇಕು. ಡಿ.ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ', ೧೮೯೪ರ ಕಿಟೆಲ್ ನಿಘಂಟು, ಸಾಹಿತ್ಯ ಪರಿಷತ್ತಿನ ನಿಘಂಟು ಇವುಗಳಲ್ಲಿ ಒಂದನ್ನಾದರೂ ತರಗತಿಗೆ ತಂದು ತೆರೆದು ತೋರಿಸಬಹುದು. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಯಾರು ಯಾರೊಡನೆ ಆಡಿದರು? ಯಾವ ಪದದಿಂದ ಹಾಗೆಂದು ತಿಳಿಯಿತು? ಈ ಎರಡನೆಯ ಭಾಗವೇ ಮುಖ್ಯ. ಅಭಿಪ್ರಾಯ ಹೇಳಿದ ವಿದ್ಯಾರ್ಥಿ ಪದ್ಯಕ್ಕೆ ಮರಳಿ ಹೋಗಿ ಆಧಾರವನ್ನು ಹುಡುಕಬೇಕಾಗುತ್ತದೆ. ಪಂಪನಿಗಿಂತ ಹಲವು ಶತಮಾನ ಈಚಿನವನಾದ ತಮಿಳು ಕವಿ ವಿಲ್ಲಿಪುತ್ತೂರರ ಭಾರತದಲ್ಲಿ ಇದನ್ನೇ ಹೋಲುವ ಪ್ರಸಂಗವಿದೆ; ಅಲ್ಲಿ ಚೆಲ್ಲುವುದು ಮೇಖಲೆಯ ಮಣಿಗಳು, ಜೊತೆಯಲ್ಲಿದ್ದವನು ಕರ್ಣನೇ ಎಂಬುದು ಸ್ಪಷ್ಟ. ಈ ಮಾಹಿತಿಯನ್ನು ಚರ್ಚೆಯ ಕೊನೆಯಲ್ಲಿ ಕೊಟ್ಟರೆ, ಒಂದು ಕಾವ್ಯದ ಸಾಕ್ಷ್ಯದಿಂದ ಇನ್ನೊಂದು ಕಾವ್ಯವನ್ನು ನಿರ್ಣಯಿಸಬಹುದೇ ಎಂಬ ಸಂಶೋಧನೆಯ ಮೂಲಭೂತ ಪ್ರಶ್ನೆ ಪದವಿ ತರಗತಿಯಲ್ಲಿಯೇ ಹುಟ್ಟುತ್ತದೆ. ಇಲ್ಲಿ ಅಧ್ಯಾಪಕರು ತಮ್ಮ ಅಭಿಪ್ರಾಯವನ್ನು ಮುಚ್ಚಿಡಬೇಕೆಂದಲ್ಲ. ಅದನ್ನು ಹಲವು ಓದುಗಳಲ್ಲಿ ಒಂದಾಗಿ, ಆಧಾರಸಮೇತ, ಕೊನೆಯಲ್ಲಿ ಇಡಬೇಕು.

೪

ಅದೇ ಪದ್ಯದ ಕೊನೆಯಲ್ಲಿ ಇನ್ನೊಂದು ಪರೀಕ್ಷೆ ಇದೆ. ಇಂಥ ಅರಸನನ್ನು ಬಿಟ್ಟು ಬಂದರೆ ತಾನು 'ಬೇಡ'ನಾಗುವುದಿಲ್ಲವೇ ಎಂಬ ಧಾಟಿಯಲ್ಲಿ ಕರ್ಣನ ಮಾತು ಮುಗಿಯುತ್ತದೆ. ಆ ಪದಕ್ಕೆ ಸಾಮಾನ್ಯವಾಗಿ 'ನೀಚ', 'ಕೃತಘ್ನ' ಎಂಬ ಅರ್ಥ ಹೇಳಿ ಮುಂದೆ ಸಾಗಲಾಗುತ್ತದೆ. ಚಿತ್ರದುರ್ಗದ, ಬಳ್ಳಾರಿಯ, ಸುರಪುರದ ಕಾಲೇಜುಗಳ ತರಗತಿಯಲ್ಲಿ ಬೇಡ ಅಥವಾ ನಾಯಕ ಸಮುದಾಯದ ವಿದ್ಯಾರ್ಥಿಗಳು ಕುಳಿತಿರುತ್ತಾರೆ. ಅವರ ಸಮುದಾಯದ ಹೆಸರು ಬೈಗುಳವಾಗಿ ಪಠ್ಯದಲ್ಲಿ ಬಂದಾಗ ಅಧ್ಯಾಪಕರು ಏನು ಮಾಡಬೇಕು? ಪದವನ್ನು ನುಂಗಿ ಓದುವುದು ಪಠ್ಯಕ್ಕೆ ಬಗೆದ ದ್ರೋಹ. ಟಿಪ್ಪಣಿಯ ಅರ್ಥವನ್ನು ನಿರ್ವಿಕಾರವಾಗಿ ಬರೆಸುವುದು ವಿದ್ಯಾರ್ಥಿಗೆ ಬಗೆದ ದ್ರೋಹ. ಬೋಧನ ದೃಷ್ಟಿ ಎಂಬುದು ಘೋಷಣೆಯ ಮಾತಾಗಿ ಉಳಿಯದೆ ನಿಜವಾಗಿ ಬೇಕಾಗುವುದು ಇಂಥ ಗಳಿಗೆಯಲ್ಲಿ.

ದಾರಿ ಪಠ್ಯದ ಒಳಗೇ ಇದೆ. ಜೀವನವಿಡೀ ಸೂತಪುತ್ರನೆಂದು ಹೀಯಾಳಿಸಿಕೊಂಡವನು ಕರ್ಣ. ಇದೇ ಕಾವ್ಯದ ಮುಂದಿನ ಭಾಗದಲ್ಲಿ ಕುಲವನ್ನು ಹುಟ್ಟಿನಿಂದ ಬಿಡಿಸಿ ಗುಣದೊಡನೆ ಜೋಡಿಸಿ ಮಾತನಾಡುವವನೂ ಅವನೇ. ಹೀಗಿದ್ದೂ ನಿಷ್ಠೆ ಇಲ್ಲದವನನ್ನು ಹೆಸರಿಸಬೇಕಾದಾಗ ಅವನ ಬಾಯಿಗೆ ಇನ್ನೊಂದು ಸಮುದಾಯದ ಹೆಸರೇ ಬರುತ್ತದೆ. ಅವಮಾನಿತನ ನುಡಿಯಲ್ಲಿಯೂ ಅವಮಾನದ ಶ್ರೇಣೀಕರಣ ಹೇಗೆ ಉಳಿದುಬಿಡುತ್ತದೆ ಎಂಬುದನ್ನು ತರಗತಿ ಇಲ್ಲಿ ನೋಡಬಹುದು. ಇದು ಪಂಪನನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸುವ ಓದಲ್ಲ. ಹತ್ತನೆಯ ಶತಮಾನದ ಆಸ್ಥಾನ ಕಾವ್ಯವೊಂದರ ನುಡಿಯೊಳಗೆ ಯಾವ ಲೋಕ ಅಡಗಿತ್ತು ಎಂಬುದನ್ನು ತಿಳಿಯುವ ಓದು.

ಇದೇ ಪದವನ್ನು ಹಿಡಿದು ಇನ್ನೆರಡು ಪಠ್ಯಗಳನ್ನು ಪಕ್ಕದಲ್ಲಿಡಬಹುದು. ಹರಿಹರನ ಕಣ್ಣಪ್ಪನ ರಗಳೆಯಲ್ಲಿ ಬೇಡನೇ ಭಕ್ತಿಯ ತುದಿಯನ್ನು ಮುಟ್ಟಿದವನು. ತನ್ನ ಕಣ್ಣನ್ನೇ ಕಿತ್ತು ಕೊಡುವ ಅವನ ನಿಷ್ಠೆಯ ಎದುರು ಶಾಸ್ತ್ರೋಕ್ತ ಪೂಜೆ ಸಣ್ಣದಾಗುತ್ತದೆ. ೧೮೫೭ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಎದುರಿಸಿ ನಿಂತ ಹಲಗಲಿಯ ಬೇಡರನ್ನು ಕುರಿತ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿದ್ದಾನೆ, ಅಲ್ಲಿ ಅದು ಬಂಡಾಯದ ಹೆಸರು. ಆಸ್ಥಾನ ಕಾವ್ಯ, ಭಕ್ತಿ ಕಾವ್ಯ, ಜನಪದ ಲಾವಣಿ ಈ ಮೂರರಲ್ಲಿ ಒಂದೇ ಪದ ಮೂರು ಬೆಲೆಗಳನ್ನು ಪಡೆಯುತ್ತದೆ. ನಿಷ್ಠೆ ಇಲ್ಲದವನು ಎಂಬ ಅರ್ಥವನ್ನು ಪಂಪನಲ್ಲಿ ಹೊತ್ತ ಪದ, ಹರಿಹರನಲ್ಲಿ ನಿಷ್ಠೆಯ ಪರಮಾವಧಿಯನ್ನೇ ಸೂಚಿಸುತ್ತದೆ. ಪಠ್ಯಕ್ರಮದಲ್ಲಿ ಈ ಮೂರೂ ಬೇರೆ ಬೇರೆ ಸೆಮಿಸ್ಟರುಗಳಲ್ಲಿ, ಬೇರೆ ಬೇರೆ ಘಟಕಗಳಲ್ಲಿ ಬರುತ್ತವೆ. ಅವನ್ನು ಒಂದು ಎಳೆಯಲ್ಲಿ ಪೋಣಿಸುವ ಕೆಲಸವನ್ನು ಯಾವ ಪಠ್ಯಕ್ರಮ ಸಮಿತಿಯೂ ಮಾಡಿಕೊಡಲಾರದು. ಅದು ತರಗತಿಯಲ್ಲಿರುವವರ ಮುಖವನ್ನು ನೋಡಬಲ್ಲ ಅಧ್ಯಾಪಕರ ಕೆಲಸ.

ಕೆಲವೊಮ್ಮೆ ಈ ಸಂಬಂಧ ತಲೆಕೆಳಗಾಗುವುದೂ ಉಂಟು. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಇದಕ್ಕೆ ಒಂದು ನಿದರ್ಶನ. ನಂಜನಗೂಡು ಸೀಮೆಯ ಆಡುನುಡಿಯಲ್ಲಿ ಬೆಳೆದ ಆ ಕಥನ ಶಿಷ್ಟ ಕನ್ನಡದ ಓದುಗರಿಗೆ ಕಷ್ಟವೆನಿಸಿತು. ಹಳಗನ್ನಡವನ್ನು ಸಲೀಸಾಗಿ ಓದಬಲ್ಲ ಅಧ್ಯಾಪಕರೂ ಅದರ ಪುಟಗಳಲ್ಲಿ ತಡವರಿಸುವುದು ಸಾಧ್ಯ. ಆ ನುಡಿಯನ್ನು ಮನೆಯಲ್ಲಿ ಆಡುವ ವಿದ್ಯಾರ್ಥಿ ಅಂಥ ತರಗತಿಯಲ್ಲಿದ್ದರೆ ಆ ದಿನದ ಅಧ್ಯಾಪಕ ಅವನೇ. ತನ್ನ ಮಾತು ಅಶುದ್ಧವೆಂದು ಶಾಲೆಯುದ್ದಕ್ಕೂ ತಿದ್ದಿಸಿಕೊಂಡು ಬಂದವನು, ಆಧುನಿಕ ಕನ್ನಡದ ಮಹತ್ವದ ಕೃತಿಯೊಂದರ ಬಾಗಿಲು ತನ್ನ ಮಾತಿನಿಂದಲೇ ತೆರೆಯುತ್ತದೆ ಎಂದು ಕಾಣುತ್ತಾನೆ. 'ಈ ಪದ ನನಗೆ ತಿಳಿಯದು, ನೀನು ಹೇಳು' ಎಂದು ಕೇಳುವುದಕ್ಕೆ ಅಧ್ಯಾಪಕರಲ್ಲಿ ಪಾಂಡಿತ್ಯದ ಕೊರತೆ ಇರಬೇಕಾಗಿಲ್ಲ. ಅದನ್ನು ಕೇಳಬಲ್ಲ ದೃಷ್ಟಿ ಇರಬೇಕು. ತುಳು, ಕೊಂಕಣಿ, ಉರ್ದು, ಕೊಡವ, ಲಂಬಾಣಿ ಮನೆಮಾತುಗಳಿಂದ ಬಂದವರು ತುಂಬಿರುವ ಕನ್ನಡ ತರಗತಿಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಮಹತ್ವವಿದೆ.

೫

ಈ ನಿಲುವಿಗೆ ಎದುರಾಗುವ ಆಕ್ಷೇಪಗಳು ಹಗುರವಾದವುಗಳಲ್ಲ. ಮೊದಲನೆಯದು ಸಾಮಾಜಿಕ ನ್ಯಾಯದ ನೆಲೆಯಿಂದ ಬರುವಂಥದು. ಮನೆಯಲ್ಲಿ ಪುಸ್ತಕವಿಲ್ಲದ, ಮೊದಲ ತಲೆಮಾರಿನಲ್ಲಿ ಕಾಲೇಜಿಗೆ ಬಂದ ವಿದ್ಯಾರ್ಥಿಗೆ ಸ್ಪಷ್ಟವಾದ ಟಿಪ್ಪಣಿ ಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಅವಳ ಪಾಲಿಗೆ ಬದುಕಿನ ಪ್ರಶ್ನೆ. ಚರ್ಚೆ, ಬಹುಮುಖಿ ಓದು ಇವೆಲ್ಲ ಹೊಟ್ಟೆ ತುಂಬಿದವರ ವಿಲಾಸ ಎಂಬ ಮಾತಿನಲ್ಲಿ ಸತ್ಯದ ಅಂಶವಿದೆ. ಟಿಪ್ಪಣಿ ಕೊಡದೆ 'ನೀವೇ ಯೋಚಿಸಿ' ಎಂದು ಕೈಬಿಡುವುದು ಬೋಧನೆಯೂ ಅಲ್ಲ, ಪ್ರಜಾಪ್ರಭುತ್ವವೂ ಅಲ್ಲ. ಆದ್ದರಿಂದಲೇ ಪದದ ಅರ್ಥವನ್ನು, ಸಂದರ್ಭವನ್ನು, ಛಂದಸ್ಸು ವ್ಯಾಕರಣಗಳ ವಿವರವನ್ನು ಯಾವ ಜಿಪುಣತನವೂ ಇಲ್ಲದೆ ಕೊಡಬೇಕೆಂದು ಮೇಲೆ ಹೇಳಲಾಯಿತು. ಆದರೆ ಅಷ್ಟಕ್ಕೇ ನಿಂತರೆ ಇನ್ನೊಂದು ಅನ್ಯಾಯ ನಡೆಯುತ್ತದೆ. ನಿರ್ಣಯಿಸುವ ಅಭ್ಯಾಸ ಉಳ್ಳವರ ಮಕ್ಕಳಿಗೆ ಮನೆಯಿಂದ, ಗೆಳೆಯರ ಬಳಗದಿಂದ ಹೇಗೋ ದೊರೆಯುತ್ತದೆ. ಅದು ಇಲ್ಲದವಳಿಗೆ ಅದನ್ನು ಕಲಿಯುವ ಜಾಗ ತರಗತಿಯೊಂದೇ. ಅವಳಿಗೆ ಟಿಪ್ಪಣಿಯನ್ನಷ್ಟೇ ಕೊಟ್ಟು ಕಳಿಸುವುದೆಂದರೆ ಇತರರು ನಿರ್ಣಯಿಸಿದ್ದನ್ನು ಬಾಯಿಪಾಠ ಮಾಡುವ ಸ್ಥಾನದಲ್ಲಿಯೇ ಅವಳನ್ನು ಉಳಿಸುವುದು ಎಂದರ್ಥ.

ಎರಡನೆಯದು ಸಮಯದ ಆಕ್ಷೇಪ. ಸೆಮಿಸ್ಟರ್ ಕ್ರಮದಲ್ಲಿ ಪಾಠಗಳು ಹೆಚ್ಚು, ವಾರಗಳು ಕಡಿಮೆ. ಬಿ.ಕಾಂ., ಬಿ.ಸಿ.ಎ. ಭಾಷಾ ತರಗತಿಗಳು ಕಿಕ್ಕಿರಿದಿರುತ್ತವೆ. ಕರ್ನಾಟಕದಲ್ಲಿ ೨೦೨೧ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ನಾಲ್ಕು ವರ್ಷಗಳ ಪದವಿ ಜಾರಿಗೆ ಬಂದು, ೨೦೨೪ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಅಲ್ಪ ಅವಧಿಯಲ್ಲಿ ಪಠ್ಯಕ್ರಮಗಳು ಹೀಗೆ ಬದಲಾಗುವಾಗ ಅಧ್ಯಾಪಕರಿಗೆ ಒಂದು ಪಠ್ಯದೊಡನೆ ಬಾಳುವ ಅವಕಾಶವೇ ಸಿಕ್ಕುವುದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಹೊರೆಯನ್ನು ಹೊತ್ತಿರುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೆಯೇ ಎಂಬ ಭರವಸೆ ಇರುವುದಿಲ್ಲ. ಅಂಥವರಿಂದ ಬೋಧನ ದೃಷ್ಟಿಯನ್ನು ನಿರೀಕ್ಷಿಸುವ ವ್ಯವಸ್ಥೆ, ಅದನ್ನು ರೂಪಿಸಿಕೊಳ್ಳಲು ಬೇಕಾದ ಭದ್ರತೆಯನ್ನು ಮೊದಲು ಕೊಡಬೇಕು. ಈ ಮಾತನ್ನು ಬಿಟ್ಟು ಅಧ್ಯಾಪಕರ ಹೊಣೆಯನ್ನಷ್ಟೇ ಕುರಿತು ಮಾತನಾಡುವುದು ಅಪ್ರಾಮಾಣಿಕತೆಯಾಗುತ್ತದೆ.

ಇಷ್ಟಾದರೂ, ಸಮಯದ ಕೊರತೆ ಎಲ್ಲ ಪಾಠಗಳನ್ನೂ ಒಂದೇ ರೀತಿ ಓಡಿಸಲು ಕಾರಣವಾಗಬೇಕಾಗಿಲ್ಲ. ಒಂದು ಸೆಮಿಸ್ಟರಿನಲ್ಲಿ ಒಂದೇ ಒಂದು ಪದ್ಯವನ್ನು, ಒಂದೇ ಒಂದು ಪುಟ ಗದ್ಯವನ್ನು ಮೇಲಿನ ಕ್ರಮದಲ್ಲಿ ಓದಿಸಿದರೂ ಓದುವುದೆಂದರೆ ಏನೆಂದು ವಿದ್ಯಾರ್ಥಿಗೆ ತಿಳಿಯುತ್ತದೆ. ಉಳಿದ ಪಾಠಗಳಿಗೆ ಸಾರಾಂಶ ಸಾಕಾಗಬಹುದು.

ಸಾರಾಂಶದ ವಿಷಯದಲ್ಲಿ ಇನ್ನೊಂದು ಮಾತು ಇದೆ. ಗೈಡುಗಳು ದಶಕಗಳಿಂದ ಮಾಡುತ್ತಿದ್ದ ಕೆಲಸವನ್ನು ಇಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ವಿದ್ಯಾರ್ಥಿಯ ಮೊಬೈಲಿನಲ್ಲಿಯೇ ಕ್ಷಣಾರ್ಧದಲ್ಲಿ ಮಾಡುತ್ತಿವೆ. ಅವು ಹಳಗನ್ನಡದಲ್ಲಿ ತಪ್ಪುತ್ತವೆ ಎಂದು ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ತಪ್ಪಿದೆ ಎಂದು ಗುರುತಿಸಬಲ್ಲ ಓದುಗರು ತಯಾರಾಗಿದ್ದಾರೆಯೇ ಎಂಬುದೇ ಪ್ರಶ್ನೆ. ಅರ್ಥ ಹೇಳುವುದಷ್ಟೇ ತಮ್ಮ ಕೆಲಸವೆಂದು ಭಾವಿಸಿದ ಅಧ್ಯಾಪಕರಿಗೆ ತರಗತಿಯಲ್ಲಿ ಈಗ ಉಳಿದಿರುವ ಜಾಗ ಬಹಳ ಕಿರಿದು. ಭಾನುಮತಿಯ ಪದ್ಯದಲ್ಲಿ ಕರ್ತೃಪದವಿಲ್ಲ ಎಂಬುದನ್ನು ಕಂಡು ಬೆರಗಾಗುವ ಗಳಿಗೆಯನ್ನು ತರಗತಿಯಲ್ಲಿ ಸೃಷ್ಟಿಸುವ ಅಧ್ಯಾಪಕರಿಗೆ ಮಾತ್ರ ಆ ಜಾಗ ಕಿರಿದಾಗಿಲ್ಲ.

೬

ಅಧ್ಯಾಪಕರ ಬೋಧನ ದೃಷ್ಟಿ ಅತ್ಯಂತ ನಿಚ್ಚಳವಾಗಿ ಕಾಣುವುದು ಪ್ರಶ್ನೆಪತ್ರಿಕೆಯಲ್ಲಿ. ತರಗತಿಯಲ್ಲಿ ಎಷ್ಟೇ ಚರ್ಚೆ ನಡೆದರೂ ಕೊನೆಗೆ 'ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ', 'ಕರ್ಣನ ಪಾತ್ರವನ್ನು ಚಿತ್ರಿಸಿ', 'ಟಿಪ್ಪಣಿ ಬರೆಯಿರಿ' ಎಂಬ ಪ್ರಶ್ನೆಗಳೇ ಬರುವುದಾದರೆ, ಚರ್ಚೆ ಅನಗತ್ಯವೆಂದು ವಿದ್ಯಾರ್ಥಿ ಸರಿಯಾಗಿಯೇ ತೀರ್ಮಾನಿಸುತ್ತಾನೆ. ಸಂದರ್ಭ ಸ್ವಾರಸ್ಯದ ಪ್ರಶ್ನೆ ಮೂಲತಃ ಕೆಟ್ಟದ್ದೇನೂ ಅಲ್ಲ. ಒಂದು ಸಾಲನ್ನು ಅದರ ಜಾಗದಲ್ಲಿಟ್ಟು ನೋಡುವ ಒಳ್ಳೆಯ ಅಭ್ಯಾಸ ಅದರಲ್ಲಿತ್ತು. 'ಸ್ವಾರಸ್ಯ'ವನ್ನೂ ಸಿದ್ಧ ವಾಕ್ಯಗಳಲ್ಲಿ ಬರೆಸತೊಡಗಿದಾಗ ಅದರ ಸತ್ತ್ವ ಹೋಯಿತು.

ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಬದಲಿಸುವುದು ಒಬ್ಬ ಅಧ್ಯಾಪಕರ ಕೈಯಲ್ಲಿಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳು ಮಾತ್ರ ಅವರ ಕೈಯಲ್ಲಿವೆ. ಅಲ್ಲಿಂದ ಆರಂಭಿಸಬಹುದು. ತರಗತಿಯಲ್ಲಿ ಓದದ ಒಂದು ಪದ್ಯವನ್ನು ಪದಾರ್ಥಸಮೇತ ಕೊಟ್ಟು, ಅದರಲ್ಲಿ ಏನು ನಡೆಯುತ್ತಿದೆ ಎಂದು ಬರೆಯಲು ಹೇಳಬಹುದು. ಒಂದೇ ಪದ್ಯಕ್ಕೆ ಇಬ್ಬರು ಹೇಳಿದ ಎರಡು ಅರ್ಥಗಳನ್ನು ಕೊಟ್ಟು, ಒಂದನ್ನು ಆಯ್ದು ಪದ್ಯದಿಂದಲೇ ಸಮರ್ಥಿಸಲು ಕೇಳಬಹುದು. ಊರಿನ ಹಿರಿಯರಿಂದ ಕೇಳಿದ ಒಂದು ಕಥೆ ಅಥವಾ ಗಾದೆಯನ್ನು ಪಠ್ಯದ ಒಂದು ಭಾಗದೊಡನೆ ಹೋಲಿಸಲು ಹೇಳಬಹುದು. ಇವುಗಳಿಗೆ ಉತ್ತರವನ್ನು ಬರೆಸಲು ಬರುವುದಿಲ್ಲ. ಮೌಲ್ಯಮಾಪನ ಮಾಡುವವರೂ ಪ್ರತಿ ಉತ್ತರವನ್ನು ನಿಜವಾಗಿ ಓದಬೇಕಾಗುತ್ತದೆ. ಕನ್ನಡ ವಿಭಾಗಗಳು ಪದವಿ ಅಧ್ಯಾಪಕರೊಡನೆ ಕೂಡಿ ಇಂಥ ಪ್ರಶ್ನೆಗಳ ಮಾದರಿಯನ್ನು ಸಿದ್ಧಪಡಿಸಿದರೆ ಅದು ಒಂದು ವಿಚಾರಸಂಕಿರಣಕ್ಕಿಂತ ಹೆಚ್ಚು ಉಪಯುಕ್ತವಾದೀತು.

ಸಂಶೋಧನೆಯ ಗುಣಮಟ್ಟ ಕುಸಿಯುತ್ತಿದೆ ಎಂಬ ಆತಂಕ ಕನ್ನಡ ವಿಭಾಗಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದರ ಪರಿಹಾರವನ್ನು ಸಂಶೋಧನ ವಿಧಾನದ ತರಗತಿಯಲ್ಲಿ, ಕೃತಿಚೌರ್ಯ ಪತ್ತೆಯ ತಂತ್ರಾಂಶದಲ್ಲಿ ಹುಡುಕಲಾಗುತ್ತಿದೆ. ಪದವಿಯ ವರ್ಷಗಳಲ್ಲಿ ಒಮ್ಮೆಯೂ 'ಯಾವ ಪದದಿಂದ ಹಾಗೆಂದು ತಿಳಿಯಿತು?' ಎಂಬ ಪ್ರಶ್ನೆಯನ್ನು ಎದುರಿಸದ ವಿದ್ಯಾರ್ಥಿ, ಮುಂದೆ ಸಂಶೋಧಕನಾದಾಗ ಆಧಾರಕ್ಕೂ ಅಭಿಪ್ರಾಯಕ್ಕೂ ಇರುವ ವ್ಯತ್ಯಾಸವನ್ನು ಇದ್ದಕ್ಕಿದ್ದಂತೆ ಕಲಿಯಲಾರ. ಸಂಶೋಧನೆ ಆರಂಭವಾಗುವುದು ಪಿಎಚ್.ಡಿ. ನೋಂದಣಿಯ ದಿನದಂದಲ್ಲ. ಮೊದಲ ವರ್ಷದ ಪದವಿ ತರಗತಿಯಲ್ಲಿ, ಪಠ್ಯದಲ್ಲಿ ಇಲ್ಲದ್ದನ್ನು ಇದೆಯೆಂದು ಬರೆಸಲು ಒಪ್ಪದ ಅಧ್ಯಾಪಕರೊಬ್ಬರು ಪದ್ಯವನ್ನು ಎರಡನೆಯ ಸಲ ಓದಲು ಹೇಳುವ ಗಳಿಗೆಯಲ್ಲಿ ಅದು ಆರಂಭವಾಗುತ್ತದೆ. ಆ ಗಳಿಗೆಯನ್ನು ಉಳಿಸಿಕೊಳ್ಳುವ ಹೊಣೆ ಅಧ್ಯಾಪಕರದು. ಅದಕ್ಕೆ ಬೇಕಾದ ಸಮಯ ಮತ್ತು ಭದ್ರತೆಯನ್ನು ಒದಗಿಸುವ ಹೊಣೆ ವಿಶ್ವವಿದ್ಯಾಲಯಗಳದು ಮತ್ತು ಸರ್ಕಾರದ್ದು.